ದೊಡ್ಡ ಮಾವ ಪರದೇಶಿಯಾದ ಮಳೆಗಾಲ

ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದೊಂದು ಬೇಕರಿ ಶುರುವಾಗಿದೆ. ಮೊನ್ನೆ ಶಾಲೆ ಬಿಟ್ಟು ಹೊಳನಗದ್ದೆಯ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಹೊಡೆಯಿತು. ಓಡಿಹೋಗಿ ಅದರ ಮಾಡಿನ ಕೆಳಗೆ ನಿಂತೆ. ಒಳಗಿನಿಂದ ಹುದುಗು ಬಂದ ಹಿಟ್ಟು ಬೇಯುವ ವಾಸನೆ ಬರುತ್ತಿತ್ತು. ಅದರ ಜೊತೆಗೆ ಕಾಲೊರೆಸಲು ಹಾಸಿದ್ದ ಒದ್ದೆ ಗೋಣಿಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಹೊನ್ನಾವರದ ಪಕ್ಕದ ಕಾಸರಕೋಡಿನ ಮನೆಯಲ್ಲಿದ್ದೆ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ದೊಡ್ಡ ಮಾವ, ಜಗಲಿಯಿಂದ ಅವನ ಬೆನ್ನನ್ನೇ ನೋಡುತ್ತಿರುವ ಮಂಜು ಮಾವ, ಮಾತು ನಿಲ್ಲಿಸಿ ಬಾಗಿಲ ಸಂದಿಯಲ್ಲಿ ನಿಂತ ಯಮುನತ್ತೆ. ಆ ಮಳೆಗಾಲದ ಮೇಲೆ ನಮ್ಮಲ್ಲಿ ಯಾರೂ ದೊಡ್ಡ ಮಾವನ ಆ ಹುದುಗಿನ ರೊಟ್ಟಿ ಮಾಡಿಲ್ಲ. ಇವತ್ತಿಗೂ ಆ ವಾಸನೆ ಬಂದರೆ ಯಾರೋ ಗೋಡೆಯಾಚೆ ನಿಂತು ನಮ್ಮ ಮಾತು ಕೇಳುತ್ತಿದ್ದಾರೆ ಅನ್ನಿಸುತ್ತದೆ.

ಆ ವರ್ಷ ನನಗೆ ಹೊನ್ನಾವರದ ಆಚೆ ಬದಿಯ ಶಾಲೆಗೆ ವರ್ಗವಾಗಿತ್ತು. ಗಂಡನ ಬೈಕ್ ರಿಪೇರಿ ಅಂಗಡಿ ಕುಮಟೆಯಲ್ಲಿ, ನಮ್ಮ ಮನೆ ಹೊಳನಗದ್ದೆಯಲ್ಲಿ. ಮಳೆಗಾಲದಲ್ಲಿ ದಿನಾ ಎರಡೆರಡು ಬಸ್ಸು ಬದಲಿಸಿ, ಅಗಲ ಮಾಡಲಿಕ್ಕೆಂದು ಅಗೆದು ಹಾಕಿದ ಹೆದ್ದಾರಿಯಲ್ಲಿ ಹೋಗಿಬರುವುದು ಆಗದ ಮಾತು. ಹಾಗಾಗಿ ವಾರವಿಡೀ ಕಾಸರಕೋಡಿನಲ್ಲಿ, ಆಯಿಯ, ಅಂದರೆ ಅಮ್ಮನ, ತವರುಮನೆಯಲ್ಲಿ ಇರುತ್ತಿದ್ದೆ. ಶನಿವಾರ ಮಧ್ಯಾಹ್ನ ಹೊಳನಗದ್ದೆಗೆ ಹೊರಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಆಯಿ ಅಲ್ಲೇ, ತನ್ನ ತಮ್ಮ ಮಂಜುನಾಥನ ಜೊತೆ ಇದ್ದಳು. ಮಂಜು ಮಾವನಿಗೆ ಪಾಲಿನಲ್ಲಿ ಒಂದು ಬೋಟು. ಅವನ ಹೆಂಡತಿ ಯಮುನತ್ತೆ ಬುಟ್ಟಿ ಹೊತ್ತು ಹೊನ್ನಾವರದ ಪೇಟೆಗೆ ಮೀನು ಒಯ್ಯುವವಳು. ಆಯಿಗೂ ಮಂಜು ಮಾವನಿಗೂ ಹಿರಿಯಣ್ಣನಾದ ಗಣಪತಿ, ಅಂದರೆ ನಮ್ಮ ದೊಡ್ಡ ಮಾವ, ಹಿಂದಿನ ದೀಪಾವಳಿಯ ಹೊತ್ತಿಗೆ ಇಟಲಿಯಿಂದ ಊರಿಗೆ ಬಂದಿದ್ದ.

ಮೀಸೆ ಚಿಗುರುವ ವಯಸ್ಸಿನಲ್ಲಿ ಮುಂಬೈಗೆ ಹೋಗಿ ಹಡಗಿನ ಅಡುಗೆಮನೆ ಸೇರಿದವ ಅವನು. ಜಿನೋವಾ ಎಂಬ ಬಂದರಿನಲ್ಲಿ ಇಳಿದವ ಮತ್ತೆ ಹಡಗು ಹತ್ತಲಿಲ್ಲ. ಅಲ್ಲೇ ಲೂಚಿಯಾ ಎಂಬವಳನ್ನು ಮದುವೆಯಾದ. ಮಕ್ಕಳಾಗಲಿಲ್ಲ. ನಡುವೆ ಊರಿಗೆ ಬಂದದ್ದು ಅಜ್ಜಿ ಸತ್ತಾಗ ಒಮ್ಮೆ, ನನ್ನ ಮದುವೆಗೆ ಒಮ್ಮೆ. ಬಂದರಿನ ಕ್ಯಾಂಟೀನಿನಲ್ಲಿ ದುಡಿದು ರಿಟೈರ್ ಆದ. ಲೂಚಿಯಾ ತೀರಿಕೊಂಡ ಮೇಲೆ, ಇನ್ನು ಅಲ್ಲಿ ಯಾರಿದ್ದಾರೆ ಎಂದು ಎರಡು ಸೂಟ್‌ಕೇಸು ಹಿಡಿದು ಬಂದ. ಹಿತ್ತಲಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡು ಇಲ್ಲೇ ಇದ್ದುಬಿಡುತ್ತೇನೆ ಅಂದಾಗ ಆಯಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ವಾರಕ್ಕೊಮ್ಮೆ ಮೈದಾ ನಾದಿ, ಉಬ್ಬಲು ಬಿಟ್ಟು, ದೊಡ್ಡ ಬಾಣಲೆಯಲ್ಲಿ ಹರಡಿ, ಹತ್ತೂ ಬೆರಳು ಒತ್ತಿ ಗುಂಡಿ ಮಾಡಿ, ಎಣ್ಣೆ ಮತ್ತು ಉಪ್ಪುನೀರು ಸುರಿದು, ಮೇಲೆ ಕೆಂಡದ ತಟ್ಟೆ ಮುಚ್ಚಿ ರೊಟ್ಟಿ ಬೇಯಿಸುತ್ತಿದ್ದ.

“ರೊಟ್ಟಿಗೆ ಎಂತಕ್ಕೆ ಇಷ್ಟು ಗುಂಡಿ?” ಎಂದು ಯಮುನತ್ತೆ ಕೇಳಿದರೆ, “ಎಣ್ಣೆ ನಿಲ್ಲೂಕೆ ಜಾಗ ಬೇಕಲ್ಲೆ” ಅನ್ನುತ್ತಿದ್ದ. ಮೀನುಸಾರಿನ ಜೊತೆ ಅದು ಚೆನ್ನಾಗಿಯೇ ಇರುತ್ತಿತ್ತು.

ಸಂಶಯ ಶುರುವಾದದ್ದು ಸಿಮ್ ಕಾರ್ಡಿನಿಂದ. ಬಂದ ವಾರದಲ್ಲೇ, “ಮಂಜು, ನಿನ್ನ ಹೆಸರಲ್ಲಿ ನಂಗೊಂದು ಸಿಮ್ ತಕಂಡು ಬಾರೋ” ಅಂದ. ನಿನ್ನ ಹೆಸರಲ್ಲೇ ಯಾಕಾಗಬಾರದು ಎಂದರೆ ಮಾತು ಬೇರೆ ಕಡೆ ತಿರುಗಿಸಿದ. ಬ್ಯಾಂಕಿನಲ್ಲಿ ಖಾತೆ ತೆರೆಯಲಿಲ್ಲ. ಮನೆಮನೆಯ ಜನರನ್ನು ಬರೆದುಕೊಳ್ಳಲು ಆಶಾ ಕಾರ್ಯಕರ್ತೆ ಬಂದರೆ ಹಿಂದಿನ ಬಾಗಿಲಿನಿಂದ ಕಡಲ ಬದಿಗೆ ಹೋದವ ಅವಳು ಹೋಗುವವರೆಗೆ ಬರಲಿಲ್ಲ. ಮದುವೆಮನೆಯಲ್ಲಿ ಫೋಟೋ ತೆಗೆಯುವಾಗ ತಲೆ ಬಗ್ಗಿಸಿ ಚಪ್ಪಲಿ ಹುಡುಕುತ್ತಿದ್ದ. ಬೇಸಿಗೆ ಶುರುವಿನಲ್ಲಿ, “ಕೊಲಂಬೋದಲ್ಲಿ ಹಡಗಿನ ಹಳೇ ದೋಸ್ತ್ ಒಬ್ಬ ಇದ್ದಾ, ಕಂಡು ಬತ್ತೆ” ಎಂದು ಹೋದವ ವಾರದೊಳಗೆ ಚಹಾಪುಡಿಯ ಪೊಟ್ಟಣ ಹಿಡಿದು ವಾಪಸಾದ. ಯಮುನತ್ತೆ ಪೊಟ್ಟಣ ಒಡೆದು ಮೂಸಿ ನೋಡಿ, ಅವನು ಆಚೆ ಹೋದ ಮೇಲೆ, “ಇಂಥ ಚಹಾಪುಡಿ ಹೊನ್ನಾವರದಲ್ಲೂ ಸಿಗ್ತದೆ” ಅಂದಳು.

ಕೇರಿಯವರು ಬಾಯಿಗೆ ಬಂದದ್ದು ಆಡಿದರು. ಚಿನ್ನ ಸಾಗಿಸುತ್ತಾನೆ ಎಂದು ಒಬ್ಬರು, ಕೊಲಂಬೋದಲ್ಲಿ ಇನ್ನೊಂದು ಸಂಸಾರ ಇದೆ ಎಂದು ಇನ್ನೊಬ್ಬರು, ಇಟಲಿಯಲ್ಲಿ ಎಂಥದೋ ಮಾಡಿ ತಪ್ಪಿಸಿಕೊಂಡು ಬಂದಿದ್ದಾನೆ ಎಂದು ಮತ್ತೊಬ್ಬರು. ನಾನು ಮೇಷ್ಟ್ರಗಿತ್ತಿ, ಹೋಂವರ್ಕ್ ಮಾಡದ ಮಕ್ಕಳು ಕಣ್ಣು ತಪ್ಪಿಸುವ ರೀತಿ ದಿನಾ ನೋಡುವವಳು. ದೊಡ್ಡ ಮಾವನ ಕಣ್ಣು ಹಾಗೇ ತಪ್ಪುತ್ತಿತ್ತು. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಏನು ಎಂಬುದಷ್ಟೇ ತಿಳಿದಿರಲಿಲ್ಲ.

ಮೇ ಕೊನೆಯಲ್ಲಿ ಮತ್ತೆ ಕೊಲಂಬೋಕ್ಕೆ ಹೊರಡುವ ತಯಾರಿ ನಡೆಸಿದ್ದ. ಅಷ್ಟರಲ್ಲಿ ಬಂದರಿನ ಪಾಚಿಯ ಮೇಲೆ ಜಾರಿ ಬಿದ್ದು ಮೊಣಕಾಲು ಊದಿಕೊಂಡಿತು. ಸರ್ಕಾರಿ ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಊರ ನಾಟಿವೈದ್ಯರ ಎಣ್ಣೆ ತಿಕ್ಕಿಸಿಕೊಂಡು ಮಲಗಿದ. ಎದ್ದು ಓಡಾಡುವ ಹೊತ್ತಿಗೆ ಮಳೆ ಹಿಡಿದಿತ್ತು.

ಜೂನಿನಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸರ್ಕಾರದ ಬಂದ್. ಶರಾವತಿ ಕಡಲು ಸೇರುವ ಅಳಿವೆಯ ಒಳಗೆ, ನೀಲಿ ತಾಡಪತ್ರಿ ಹೊದ್ದು ಬೋಟುಗಳು ಒಂದಕ್ಕೊಂದು ಉಜ್ಜುತ್ತ ನಿಂತಿರುತ್ತವೆ. ಗಂಡಸರು ಮನೆಯಲ್ಲಿ. ಬಲೆ ಕಟ್ಟುವುದು, ಇಸ್ಪೀಟು, ಮತ್ತೆ ಬಲೆ. ಕಡಲಿನ ಮೇಲೆ ಹೋಗುವ ಸಿಟ್ಟೆಲ್ಲ ಜಗಲಿಯ ಮೇಲೇ ಉಳಿಯುತ್ತದೆ. ಒಣಮೀನಿನ ಡಬ್ಬಿ ಯಾರು ತೆರೆದಿಟ್ಟರು ಎಂಬುದಕ್ಕೂ ಜಗಳವಾಗುವ ಕಾಲ ಅದು.

ಒಂದು ದಿನ ಮಳೆಯೆಂದು ಶಾಲೆಗೆ ರಜೆ ಕೊಟ್ಟಿದ್ದರು. ನಾವೆಲ್ಲ ಜಗಲಿಯಲ್ಲಿದ್ದೆವು. ರೇನ್‌ಕೋಟ್ ಹಾಕಿದ ಪೊಲೀಸನೊಬ್ಬ ಬೈಕ್ ನಿಲ್ಲಿಸಿ ಒಳಗೆ ಬಂದ. ಬೆಳಗಾವಿ ಕಡೆಯವ, ಮಾತಿನಲ್ಲೇ ತಿಳಿಯುತ್ತಿತ್ತು.

“ಅಪ್ಸರಕೊಂಡದ ಕಡೆ ಹೋಂಸ್ಟೇ ಎಲ್ಲಾ ಚೆಕ್ ಮಾಡಾಕತ್ತೇವ್ರಿ. ನಿಮ್ಮ ಕೇರ್ಯಾಗ ಯಾರರ ಫಾರಿನ್ನವರು ಉಳಕೊಂಡಾರೇನ್ರಿ?”

ಯಮುನತ್ತೆ ನಕ್ಕುಬಿಟ್ಟಳು. “ನಮ್ಮಲ್ಲಿ ಎಲ್ಲಿಂದ ಬರ್ಬೇಕು ಫಾರಿನ್ನವರು? ಬಂದ್ರೂ ಒಣಮೀನಿನ ವಾಸನೆಗೇ ಓಡ್ತ್ರು.”

ಪೊಲೀಸನೂ ನಕ್ಕ. ಕಂಬಕ್ಕೊರಗಿ ಬಲೆ ಕಟ್ಟುತ್ತಿದ್ದ ದೊಡ್ಡ ಮಾವನತ್ತ ತಿರುಗಿ, “ಅಜ್ಜಾರ, ನಿಮಗೇನರ ಗೊತ್ತೈತೇನ್ರಿ?” ಎಂದು ಕೇಳಿದ.

ದೊಡ್ಡ ಮಾವ ತಲೆ ಎತ್ತಲಿಲ್ಲ. “ಇಲ್ಲ ಸಾಹೇಬ್ರೆ” ಅಂದ.

ಬೈಕಿನ ಸದ್ದು ದೂರಾದರೂ ಅವನ ಕೈಯಲ್ಲಿದ್ದ ನೂಲು ಮುಂದೆ ಹೋಗಲಿಲ್ಲ. ಊಟಕ್ಕೆ ಕೂತಾಗ ಅನ್ನ ಕಲಸಿಟ್ಟು ಹಾಗೇ ಕೂತ. ಆಯಿ ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟ.

“ಆ ಪೊಲೀಸ ಹುಡುಕ್ತಾ ಇದ್ದದ್ದು ನನ್ನಂಥವರನ್ನೇ.”

“ನಿನ್ನನ್ನ? ನೀ ಎಂತ ಮಾಡಿದ್ದೆ ಅಣ್ಣ?”

“ಎಂತದೂ ಮಾಡ್ಲಿಲ್ಲ. ನಾನೇ ಫಾರಿನ್ನವ.”

ನಮಗೆ ಅರ್ಥವಾಗಲಿಲ್ಲ. ಅವನು ನಿಧಾನಕ್ಕೆ ಬಿಡಿಸಿ ಹೇಳಿದ. ಹಡಗಿನಿಂದ ಇಳಿದು ತಪ್ಪಿಸಿಕೊಂಡಾಗ ಅವನ ಭಾರತದ ಪಾಸ್‌ಪೋರ್ಟು ಕಪ್ತಾನನ ಪೆಟ್ಟಿಗೆಯಲ್ಲೇ ಉಳಿಯಿತು. ಎಷ್ಟೋ ವರ್ಷ ಕಾಗದಪತ್ರ ಇಲ್ಲದೆ ಅಡಗಿ ಬದುಕಿದ. ಆಮೇಲೆ ಅಲ್ಲಿಯ ಸರ್ಕಾರ ಇಂಥವರಿಗೆಲ್ಲ ಒಮ್ಮೆ ಮಾಫಿ ಕೊಟ್ಟಿತು. ಲೂಚಿಯಾಳನ್ನು ಮದುವೆಯಾದ ಮೇಲೆ ಅಲ್ಲಿಯ ಪೌರನಾದ. ಅಲ್ಲಿಯವನಾದರೆ ಇಲ್ಲಿಯವನಾಗಿ ಉಳಿಯುವಂತಿಲ್ಲ. ಎರಡು ದೇಶದ ಪೌರತ್ವ ನಮ್ಮ ಕಾನೂನಿನಲ್ಲಿ ಇಲ್ಲ. ಈಗ ಅವನು ಊರಿಗೆ ಬಂದದ್ದು ಬೀಚು ನೋಡಲು ಬರುವವರ ಹಾಗೆ, ಟೂರಿಸ್ಟ್ ವೀಸಾದಲ್ಲಿ. ಒಮ್ಮೆ ಬಂದರೆ ಇಂತಿಷ್ಟೇ ದಿನ. ಅದು ಮುಗಿಯುವ ಮೊದಲು ದೇಶ ಬಿಟ್ಟು ಹೋಗಿ ಮತ್ತೆ ಬರಬೇಕು. ಕೊಲಂಬೋದ ಹಳೇ ದೋಸ್ತ್ ಅಂದರೆ ಅದು. ಕಾಲು ಊದಿ ಮಲಗಿದ್ದಾಗ ಆ ದಿನ ದಾಟಿಹೋಗಿತ್ತು.

“ಮೊದ್ಲೇ ಎಂತಕ್ಕೆ ಹೇಳ್ಲಿಲ್ಲ?” ಆಯಿ ಕೇಳಿದಳು.

“ಹೆಂಗೆ ಹೇಳೂದು? ಅಲ್ಲಿ ಒಂದು ದೊಡ್ಡ ಕೋಣೇಲಿ ಎಲ್ಲರೆದ್ರು ನಿಂತು, ಇನ್ನು ನಾ ಈ ದೇಶದವ ಅಂತ ಬಾಯ್ಬಿಟ್ಟು ಹೇಳಿದ್ದೆ. ಆವಾಗ ಅವ್ವಿ ಇನ್ನೂ ಬದುಕಿತ್ತು. ಅದರ ಮುಖ ನೆನಪಾದ್ರೆ ನಂಗೆ ಈಗಲೂ...”

ಮಂಜು ಮಾವ ಮಾತ್ರ ಬೇರೆಯೇ ಯೋಚಿಸುತ್ತಿದ್ದ. “ಹಂಗಾರೆ ಫಾರಿನ್ನವನನ್ನ ಮನೇಲಿ ಇಟ್ಕಂಡದ್ದು ಯಾರು? ನಾನು. ಸ್ಟೇಷನ್ನಿಗೆ ತಿಳಿಸ್ಬೇಕಾದದ್ದು ಯಾರು? ನಾನು. ನಾಳೆ ಕೇಸು ಬಿದ್ರೆ ಬೋಟಿನ ಲೈಸೆನ್ಸಿಗೆ ಎಂತ ಆಗ್ತದೆ? ಒಂದು ಮಾತು ಹೇಳೂಕೆ ಆಗ್ಲಿಲ್ವ ನಿಂಗೆ?” ತಟ್ಟೆ ಸರಿಸಿ ಎದ್ದುಹೋದ. ಅವನ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಆದರೂ ಅವನು ಎದ್ದುಹೋದ ರಭಸಕ್ಕೆ ಆಯಿ ಅನುಮಾನದ ಕಣ್ಣಿನಲ್ಲಿ ನೋಡಿದಳು. ಹಿತ್ತಲಲ್ಲಿ ಅಣ್ಣ ಮನೆ ಕಟ್ಟುವುದು ಮಂಜುವಿಗೆ ಮೊದಲೇ ಅಷ್ಟಾಗಿ ಸೇರಿರಲಿಲ್ಲ.

ಭಟ್ಕಳದಲ್ಲಿ ಟಿಕೆಟ್ಟು, ವೀಸಾದ ಕೆಲಸ ಮಾಡಿಕೊಡುವ ಜಾಫರ್ ಸಾಹೇಬರೆಂಬವರು ನನ್ನ ಗಂಡನಿಗೆ ಪರಿಚಯ. ಮರುದಿನವೇ ದೊಡ್ಡ ಮಾವನನ್ನು ಕರೆದುಕೊಂಡು ಅವರಲ್ಲಿಗೆ ಹೋದೆ. ಬಸ್ಸಿನ ಕಿಟಕಿ ಮುಚ್ಚಲು ಬಾರದೆ ಇಬ್ಬರೂ ಅರ್ಧ ನೆನೆದಿದ್ದೆವು. ಅವರ ಅಂಗಡಿಯಲ್ಲಿ ದುಬೈ, ಮಸ್ಕತ್ತಿನ ಗಿರಾಕಿಗಳು ತುಂಬಿದ್ದರು. ಒಳಗಿನ ಕೋಣೆಗೆ ಕರೆದು, ಚಹಾ ತರಿಸಿ, ಎಲ್ಲ ಕೇಳಿಸಿಕೊಂಡರು.

“ನೋಡಿ ಗಣಪತಿಯವರೇ, ದಾರಿ ಎರಡೇ” ಅಂದರು. “ನೀವಾಗೇ ಹೋಗಿ ಹೇಳಿ. ದಂಡ ಕಟ್ಟಿ, ದೇಶ ಬಿಡೋ ಪರ್ಮಿಟ್ ತಗೊಂಡು ಹೋಗಿ, ಸರಿಯಾದ ಕಾರ್ಡು ಮಾಡಿಸಿಕೊಂಡು ಬನ್ನಿ. ನಿಮ್ಮಂಥ ಊರವರಿಗೆ ಓಸಿಐ ಅಂತ ಕಾರ್ಡಿದೆ. ಅದಿದ್ರೆ ಸಾಯೋ ತನಕ ಇಲ್ಲಿರಬಹುದು. ಇಲ್ಲಾ, ಸುಮ್ನೆ ಕೂತ್ಕೊಳ್ಳಿ. ಸಿಕ್ಕಿಬಿದ್ದ ದಿನ ಹೊರಗೆ ಹಾಕ್ತಾರೆ. ಮತ್ತೆ ಬರೋದಕ್ಕೆ ಬಿಡ್ತಾರೋ ಇಲ್ವೋ ಯಾರು ಕಂಡಿದ್ದಾರೆ? ಈಗ ಕಾನೂನು ಬಿಗಿಯಾಗಿದೆ.”

“ಆ ಕಾರ್ಡಿಗೆ ನಾ ಈ ಊರವ ಅಂತ ತೋರಿಸ್ಬೇಕು. ನನ್ನ ಹಳೇ ಪಾಸ್‌ಪೋರ್ಟೇ ಇಲ್ಲ” ಅಂದ ದೊಡ್ಡ ಮಾವ.

“ಶಾಲೆಗೆ ಹೋಗಿದ್ರಲ್ಲ? ಅಲ್ಲಿ ಹೆಸರಿರತ್ತೆ. ಹುಡುಕಿದ್ರೆ ಸಿಗತ್ತೆ.” ಚಹಾದ ಲೋಟ ಬದಿಗೆ ಸರಿಸಿ ಮತ್ತೆ ಹೇಳಿದರು: “ನಮ್ಮ ಅಣ್ಣ ದುಬೈಯಲ್ಲಿ ರಿಟೈರ್ ಆದಮೇಲೂ ಅಲ್ಲೇ ಉಳಿದ. ಅಲ್ಲಿ ವೀಸಾ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋಯ್ತು, ವೀಸಾ ಹೋಯ್ತು. ಕಾಲಿಗೆ ಗಾಯ ಆಯ್ತು, ಸಕ್ಕರೆ ಕಾಯಿಲೆ ಬೇರೆ. ಹಿಡೀತಾರೆ ಅಂತ ಆಸ್ಪತ್ರೆಗೇ ಹೋಗಲಿಲ್ಲ. ಕೊನೆಗೆ ಮಾಫಿ ಬಂದು ಊರಿಗೆ ಬಂದಾಗ ಆ ಕಾಲೇ ಇರಲಿಲ್ಲ.”

ದೊಡ್ಡ ಮಾವ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ನಾವು ಏಳುವಾಗ ಸಾಹೇಬರು ಯಾರದೋ ಫೋನಿಗೆ ಉತ್ತರಿಸುತ್ತ ಕೊಂಕಣಿಗೆ ಹತ್ತಿರದ ತಮ್ಮ ಮನೆಮಾತು ನವಾಯತಿಯಲ್ಲಿ ಮಾತಾಡತೊಡಗಿದರು. ನನಗೆ ಕೊಂಕಣಿ ಬರುವುದರಿಂದ ಅರ್ಧಂಬರ್ಧ ತಿಳಿಯುತ್ತದೆ. ‘ಪಾಸ್‌ಪೋರ್ಟ್’ ಎಂಬ ಮಾತು ಕೇಳಿ ಬಾಗಿಲಲ್ಲೇ ನಿಂತು ಕಿವಿಗೊಟ್ಟೆ. ದಿನವಿಡೀ ಪಾಸ್‌ಪೋರ್ಟಿನ ಕೆಲಸ ಮಾಡುವವರು ಆ ಮಾತು ಆಡದೆ ಇನ್ನೇನು ಆಡಬೇಕು? ಆದರೆ ಆವತ್ತು ಹಾಗೆ ಅನ್ನಿಸಲಿಲ್ಲ. ಫೀಸು ಕೊಡಲು ಹೋದರೆ ಬೇಡ ಅಂದರು. ದುಡ್ಡು ಕೇಳಿದ್ದರೆ ಒಂದು ಸಂಶಯ ಬರುತ್ತಿತ್ತು. ಬೇಡ ಅಂದದ್ದಕ್ಕೆ ಇನ್ನೂ ದೊಡ್ಡ ಸಂಶಯ ಬಂತು.

ಇದಾಗಿ ಕೆಲವು ದಿನಕ್ಕೆ ದೊಡ್ಡ ಮಾವ ರೊಟ್ಟಿಯ ಹುದುಗು ಮುಗಿದಿದೆ ಎಂದು ಕೊಡೆ ಹಿಡಿದು ಹೊನ್ನಾವರಕ್ಕೆ ಹೋಗಿಬಂದ. ಆ ವಾರದಲ್ಲೇ ಅದೇ ಪೊಲೀಸ ಮತ್ತೆ ಬಂದ. ಈ ಸಲ ನಗಲಿಲ್ಲ.

“ಗಣಪತಿ ಸುಬ್ರಾಯ ಅಂದ್ರ ಯಾರ್ರಿ? ಪಾಸ್‌ಪೋರ್ಟ್ ತಗೊಂಡು ಕಾರವಾರದ ಆಫೀಸಿಗೆ ಹೋಗ್ಬೇಕಂತ ಸಾಹೇಬ್ರು ಹೇಳ್ಯಾರ. ಮನಿ ಯಜಮಾನ್ರೂ ನಾಳೆ ಸ್ಟೇಷನ್ನಿಗೆ ಬಂದು ಬರಕೊಡ್ಬೇಕ್ರಿ.”

ದೊಡ್ಡ ಮಾವ ಒಳಗಿನಿಂದ ಬಂದು, “ಆತು, ಹೋಗ್ತೆ” ಅಂದ. ಮುಖದಲ್ಲಿ ಗಾಬರಿ ಇರಲಿಲ್ಲ. ನನಗೆ ಅದೂ ವಿಚಿತ್ರ ಅನ್ನಿಸಿತು.

ಪೊಲೀಸ ಗೇಟು ದಾಟಿದ್ದಾನೋ ಇಲ್ಲವೋ, ಮಂಜು ಮಾವ ನನ್ನತ್ತ ತಿರುಗಿದ. “ನಿನ್ನ ಭಟ್ಕಳದ ಸಾಹೇಬರ ಕೆಲಸ ಇದು. ಇಲ್ದಿದ್ರೆ ಹೆಸ್ರು ಸಮೇತ ಹೆಂಗೆ ಬಂತು?”

“ಅವರು ಯಾಕೆ ಹೇಳ್ತಾರೆ ಮಾವ?”

“ಹಂಗಾರೆ ಬೇರೆ ಯಾರು? ನೀ ಸರ್ಕಾರಿ ಕೆಲಸದವಳು. ನಾಳೆ ಎಂತಾರೂ ಆದ್ರೆ ನಿನ್ನ ಕೆಲಸಕ್ಕೆ ಕುತ್ತು ಅಂತ ನಿಂಗೆ ಹೆದರಿಕೆ ಇಲ್ವ?”

ನಾನು ಉತ್ತರ ಕೊಡುವ ಮೊದಲೇ ಆಯಿ ಎದ್ದಳು. “ನನ್ನ ಮಗಳ ಹೆಸ್ರು ಎಂತಕ್ಕೆ ತೆಗೀತೆ? ನಿನ್ನ ಹೆಂಡ್ತಿಯ ಅಣ್ಣ ಅನಂತ ದಿನಾ ಪೊಲೀಸ್ ಕ್ವಾರ್ಟರ್ಸಿಗೆ ಮೀನು ಕೊಡೂದು ಊರಿಗೇ ಗೊತ್ತಿದ್ದು. ಹಿತ್ತಲ ಜಾಗ ಅಣ್ಣಂಗೆ ಹೋಗ್ತದೆ ಅಂತ ನಿಂಗೆ ಹೊಟ್ಟೆಯುರಿ. ಬಾಯಿ ಅನಂತಂದು, ಮಾತು ನಿಂದು.”

ಯಮುನತ್ತೆ ಅಳುತ್ತಲೇ ಕೂಗಿದಳು: “ನನ್ನ ತವರಿನವರ ಸುದ್ದಿಗೆ ಬರೂದು ಬೇಡ! ಅನಂತಣ್ಣ ಈ ಮನೆಗೆ ಬಂದು ಎಷ್ಟು ಕಾಲ ಆತು! ನಿಮ್ಮಣ್ಣ ಬಂದ ಮೇಲೇ ಈ ಮನೆಗೆ ಪೊಲೀಸ್ರು ಕಾಲಿಟ್ಟದ್ದು.”

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಅಜ್ಜಿಯ ಸರ ಯಾರ ಪಾಲಿಗೆ ಹೋಯಿತು ಎಂಬಲ್ಲಿಂದ ಹಿಡಿದು ನನ್ನ ಅಪ್ಪನ ಕಾಯಿಲೆಗೆ ಯಾರು ನೋಡಲು ಬರಲಿಲ್ಲ ಎಂಬವರೆಗೆ ಎಲ್ಲ ಹೊರಬಿತ್ತು. ಮಂಜು ಮಾವ ಮರುದಿನ ಸ್ಟೇಷನ್ನಿಗೆ ಹೋಗಿ ಬರೆದುಕೊಟ್ಟು ಬಂದ. ಇನ್ನೊಮ್ಮೆ ಹೀಗಾಗಕೂಡದು ಎಂದು ಎಚ್ಚರಿಕೆ ಕೊಟ್ಟು ಕಳಿಸಿದ್ದರು. ಅವಮಾನಕ್ಕೆ ಮುಖ ಕಪ್ಪಾಗಿತ್ತು. ಆಯಿ ಹಿಂದಿನ ಚಾವಡಿಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಒಂದೇ ಮಾಡಿನಡಿ ಎರಡು ಕಡೆ ಸಾರು ಕುದಿಯತೊಡಗಿತು. ನಾನು ಫೋನಿನಲ್ಲಿ ಮಾತಾಡಿದರೆ ಯಮುನತ್ತೆಯ ಪಾತ್ರೆ ತಿಕ್ಕುವ ಸದ್ದು ನಿಲ್ಲುತ್ತಿತ್ತು. ಯಮುನತ್ತೆ ಪೇಟೆಯಿಂದ ತಡವಾಗಿ ಬಂದರೆ ಆಯಿ ಗಡಿಯಾರ ನೋಡುತ್ತಿದ್ದಳು. ನಾನೂ ಜಾಫರ್ ಸಾಹೇಬರ ನಂಬರು ಫೋನಿನಿಂದ ಅಳಿಸಿದೆ. ಇಷ್ಟರ ನಡುವೆ ದೊಡ್ಡ ಮಾವ ಮೂಲೆಯ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ.

ಕಾರವಾರಕ್ಕೆ ಅವನ ಜೊತೆ ನಾನೇ ಹೋದೆ. ಬೇರೆ ಯಾರೂ ಬರುತ್ತೇನೆ ಅನ್ನಲಿಲ್ಲ. ಆಫೀಸಿನಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ಅಧಿಕಾರಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಹುಟ್ಟಿದ ಊರು ಕೇಳಿದರು. ದೊಡ್ಡ ಮಾವ “ಹೊನ್ನಾವರ” ಎಂದು ಗಟ್ಟಿಯಾಗಿ ಹೇಳಿದ. ಯಾವ ದೇಶದವರು ಎಂದು ಕೇಳಿದಾಗ ಮೇಜಿನ ಅಂಚು ನೋಡಿದ. “ಇಟಲಿ” ಅಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

“ನಾ ಕಂಡ ಫಾರಿನ್ನವರಲ್ಲಿ ಇಷ್ಟು ಚಂದ ಕನ್ನಡ ಮಾತಾಡೋರು ನೀವೇ ಮೊದಲು” ಅಂದರು ಆಕೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ದೊಡ್ಡ ಮಾವ ನಗಲಿಲ್ಲ.

ದಂಡ ಎಷ್ಟು, ಪರ್ಮಿಟ್ಟಿಗೆ ಏನು ಮಾಡಬೇಕು, ಯಾವಾಗ ದೇಶ ಬಿಡಬೇಕು, ಎಲ್ಲ ವಿವರಿಸಿದರು. ಕೊನೆಗೆ ಕಡತ ಮುಚ್ಚುತ್ತ, “ನೀವೇ ಸ್ಟೇಷನ್ನಿಗೆ ಹೋಗಿ ಹೇಳಿದ್ದು ಒಳ್ಳೇದಾಯ್ತು. ನಾವು ಹಿಡಿದಿದ್ರೆ ಇಷ್ಟು ಸುಲಭ ಆಗ್ತಿರಲಿಲ್ಲ” ಅಂದರು.

ನಾನು ದೊಡ್ಡ ಮಾವನ ಮುಖ ನೋಡಿದೆ. ಅವನು ಕೊಡೆ ಹುಡುಕುತ್ತಿದ್ದ.

ವಾಪಸು ಬರುವಾಗ ಬಸ್ಸು ಅಂಕೋಲೆ ದಾಟಿತು. ಆಮೇಲೆ ನಾನೇ ಕೇಳಿದೆ. “ಹುದುಗು ತರೂಕೆ ಅಂತ ಹೋದ ದಿನವಾ?”

“ಹೌದು. ಹುದುಗೂ ತಂದೆ” ಅಂದ.

“ಮಾವ, ಮನೇಲಿ ಅಷ್ಟೆಲ್ಲ ಜಗಳ ಆತು. ಆಯಿ ಮಂಜು ಮಾವಂಗೆ ಅನ್ನಬಾರದ್ದು ಅಂದಳು. ನೀ ಅಲ್ಲೇ ಕೂತಿದ್ದೆ. ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವ?”

ಅವನು ಕಿಟಕಿಯ ಗಾಜಿನ ಮೇಲೆ ಇಳಿಯುತ್ತಿದ್ದ ನೀರು ನೋಡುತ್ತ ಹೇಳಿದ: “ಜಿನೋವಾದಲ್ಲಿ ಕಾಗದ ಇಲ್ದೆ ಇದ್ದಾಗ ನಾವು ಐದಾರು ಜನ ಒಂದು ಕೋಣೇಲಿ ಇದ್ದೋ. ಮೆಟ್ಟಿಲ ಮೇಲೆ ಯಾರದಾದ್ರೂ ಬೂಟಿನ ಸದ್ದಾದ್ರೆ ದೀಪ ಆರಿಸ್ತಿದ್ದೋ. ಯಾರೋ ಒಬ್ಬ ಸಿಕ್ಕಿಬಿದ್ರೆ, ಹೇಳಿದ್ದು ಯಾರು ಅಂತ ಉಳಿದವರೆಲ್ಲ ಒಬ್ಬರ ಮುಖ ಒಬ್ರು ನೋಡ್ತಿದ್ದೋ. ಜ್ವರ ಬಂದ್ರೂ ಔಷಧಿ ಅಂಗಡಿಗೆ ಹೋಗ್ತಿರ್ಲಿಲ್ಲ. ಭಟ್ಕಳದಲ್ಲಿ ಆ ಸಾಹೇಬರು ಅಣ್ಣನ ಕಾಲಿನ ಸುದ್ದಿ ಹೇಳಿದ್ರಲ್ಲ, ಆವಾಗ ಮನಸ್ಸು ಗಟ್ಟಿ ಮಾಡ್ದೆ. ನನ್ನೂರಲ್ಲೂ ಹಂಗೆ ಅಡಗಿ ಕೂರೂದು ನನ್ನ ಕೈಲಾಗೂದಿಲ್ಲ ಅಂತ. ಮೊದ್ಲೇ ಹೇಳಿದ್ರೆ ನೀವು ಹೋಗೂಕೆ ಬಿಡ್ತಿರ್ಲಿಲ್ಲ.”

“ಆಮೇಲಾದ್ರೂ ಹೇಳ್ಬಹುದಿತ್ತಲ್ಲ?”

“ಕೇಳ್ತ್ರು, ಹೇಳ್ವ ಅಂತ ಕಾದೆ. ಮಂಜು ನಿನ್ನ ಕೇಳ್ದ. ತಂಗಿ ಮಂಜುನ ಕೇಳ್ತು. ಯಮುನಾ ಎಲ್ಲರ ಮೇಲೂ ಕೂಗ್ತು. ನನ್ನ ಒಬ್ಬರೂ ಕೇಳ್ಲಿಲ್ಲ ವಿಮಲಾ.”

ಮನೆಗೆ ಬಂದವನೇ ಎಲ್ಲರನ್ನೂ ಕರೆದು ಹೇಳಿದ. ಸ್ಟೇಷನ್ನಿಗೆ ಹೋದವನು ನಾನೇ, ಯಾರ ಮೇಲೂ ಸಂಶಯ ಬೇಡ ಅಂದ. ಆಯಿ ತಲೆಗೆ ಕೈಹೊತ್ತು ಕೂತಳು. ಯಮುನತ್ತೆ ಬಾಗಿಲಲ್ಲೇ ನಿಂತಿದ್ದಳು. ಮಂಜು ಮಾವ ಎಲ್ಲ ಕೇಳಿ, ಬೀಡಿಯ ಬೂದಿ ಕೊಡವಿ, “ಯಾರನ್ನೋ ಉಳ್ಸೂಕೆ ನೋಡ್ತಿದ್ದೆ ನೀನು” ಅಂದ.

“ಸುಳ್ಳು ಹೇಳಿ ನಂಗೆ ಎಂತ ಬರೂದು ಮಂಜು?”

“ಇಷ್ಟು ದಿನ ಎಂತ ಬಂತು, ಅದೇ.”

ಕಾರವಾರದಲ್ಲಿ ಅಧಿಕಾರಿ ಅಂದದ್ದನ್ನು ನಾನು ಹೇಳಿದೆ. “ನೀ ಹೇಳೂದು ಹಂಗೇ ಇರ್ತದೆ” ಅಂದ ಮಂಜು ಮಾವ.

ಬಂದ್ ತೆರೆಯುವ ಹೊತ್ತಿಗೆ ಪರ್ಮಿಟ್ಟು ಬಂತು. ಹುಣ್ಣಿಮೆಗೆ ಕಡಲಿಗೆ ಕಾಯಿ ಅರ್ಪಿಸಿ ಬೋಟುಗಳನ್ನು ಇಳಿಸಿದರು. ಆ ಬೆಳಿಗ್ಗೆ ದೊಡ್ಡ ಮಾವ ದಡದಲ್ಲಿ ದೂರ ನಿಂತು ನೋಡಿದ. ಮಂಜು ಮಾವ ಬೋಟಿನ ಮೇಲಿನಿಂದ ಅವನನ್ನು ಕಂಡಿರಬೇಕು, ಕೈ ಎತ್ತಲಿಲ್ಲ. ಎರಡು ದಿನ ಬಿಟ್ಟು ಹೊನ್ನಾವರದ ರೈಲ್ವೆ ಸ್ಟೇಷನ್ನಿನಲ್ಲಿ ನಾನೂ ಆಯಿಯೂ ಅವನನ್ನು ಮುಂಬೈಯ ಗಾಡಿಗೆ ಹತ್ತಿಸಿದೆವು. ಆಯಿ ಕೊಟ್ಟ, ಸಾರಿಗೆ ಹುಳಿ ಹಾಕುವ ಮುರುಗಲು ಸಿಪ್ಪೆಯ ಪೊಟ್ಟಣ ಚೀಲಕ್ಕೆ ಹಾಕಿಕೊಂಡು, “ಬಾಗಿಲ ಹತ್ರ ನಿಲ್ಲಬೇಡ, ಮಳೆ ಸಿಡೀತದೆ” ಎಂದು ಅವಳಿಗೇ ಬುದ್ಧಿ ಹೇಳಿದ. ಗಾಡಿ ಹೊರಟ ಮೇಲೆ ಆಯಿ, “ಮತ್ತೆ ಬಿಡ್ತ್ರ ಅವನ್ನ ಒಳಗೆ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಬಿಟ್ಟರು. ಆದರೆ ಸುಲಭವಾಗಿ ಅಲ್ಲ. ಅವನು ಓದಿದ ಶಾಲೆಯ ಹಳೇ ದಾಖಲೆಯಲ್ಲಿ ಗಣಪತಿ ಸುಬ್ರಾಯ; ಇಟಲಿಯ ಪಾಸ್‌ಪೋರ್ಟಿನಲ್ಲಿ ಹಡಗಿನ ಗುಮಾಸ್ತ ಬರೆದ ಯಾವುದೋ ಅರ್ಧ ಹೆಸರು. ಹುಟ್ಟಿದ ವರ್ಷವೂ ಬೇರೆ. ಇಬ್ಬರೂ ಒಬ್ಬನೇ ಎಂದು ನಂಬಿಸಲು ನಾನು ತಹಶೀಲ್ದಾರರ ಕಚೇರಿಗೂ ನೋಟರಿಯ ಮೇಜಿಗೂ ಅಲೆದೆ. ಜೊತೆಗೆ ಓದಿದ್ದ ಮುದುಕರಿಬ್ಬರು ಬಂದು ಸಹಿ ಹಾಕಿದರು. ಅವರಲ್ಲೊಬ್ಬರು ಸಹಿ ಹಾಕುವ ಮೊದಲು, “ಇದರಿಂದ ನಂಗೆ ಎಂತ ತೊಂದ್ರೆ ಇಲ್ಲ ಅಲ್ದ?” ಎಂದು ಮೂರು ಸಲ ಕೇಳಿದರು. ಕಡೆಗೆ, ಇನ್ನೊಂದು ಮಳೆಗಾಲವೂ ಕಳೆದ ಮೇಲೆ, ಕಾರ್ಡು ಬಂತು. ದೊಡ್ಡ ಮಾವನೂ ಬಂದ.

ಅಷ್ಟರಲ್ಲಿ ಆಯಿ ಕಾಸರಕೋಡು ಬಿಟ್ಟು ನನ್ನ ಜೊತೆ ಹೊಳನಗದ್ದೆಗೆ ಬಂದಾಗಿತ್ತು. ತಮ್ಮನಿಗೆ ಅಂದ ಮಾತನ್ನು ಅವಳು ವಾಪಸು ತೆಗೆದುಕೊಂಡಿದ್ದಳು, ಆದರೆ ಯಮುನತ್ತೆ ಅದನ್ನು ಮರೆಯಲಿಲ್ಲ. ದೊಡ್ಡ ಮಾವನೂ ಹಿತ್ತಲ ಜಾಗದ ಸುದ್ದಿ ಎತ್ತಲಿಲ್ಲ. ನಮ್ಮ ಮನೆಯ ಹತ್ತಿರವೇ, ಗದ್ದೆಯಂಚಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ. ಆ ಕಾರ್ಡು ಇದ್ದವರು ಗದ್ದೆ ಖರೀದಿಸುವಂತಿಲ್ಲ, ಓಟು ಹಾಕುವಂತಿಲ್ಲ. “ಗದ್ದೆ ತಕಳೂಕೆ ಇಲ್ದಿದ್ರೆ ಬೇಡ, ಅಂಚಲ್ಲಿ ನಡೂಕೆ ಅಡ್ಡಿಲ್ಲವಲ್ಲ” ಅನ್ನುತ್ತಾನೆ. ಈಗ ತನ್ನ ಹೆಸರಿನಲ್ಲೇ ಸಿಮ್ ಇದೆ. ಮೊಣಕಾಲು ನೋವೆಂದರೆ ಕುಮಟೆಯ ಆಸ್ಪತ್ರೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಾನೆ.

ಕಳೆದ ತಿಂಗಳು ಮಂಜು ಮಾವ ಹೇಳದೆ ಕೇಳದೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಂಗಡೆ. ಆಯಿ ಚೀಲ ತೆಗೆದುಕೊಂಡು ಒಳಗೆ ಹೋದಳು. ಅಣ್ಣತಮ್ಮಂದಿರು ಜಗಲಿಯಲ್ಲಿ ಕೂತರು. ಡೀಸೆಲ್ಲಿನ ದರ, ಅಳಿವೆಯಲ್ಲಿ ತುಂಬಿದ ಹೂಳು, ಯಮುನತ್ತೆಯ ಬೆನ್ನುನೋವು, ಎಲ್ಲ ಮಾತಾಯಿತು. ನನಗೆ ಸಮಾಧಾನವಾಗಿ ಚಹಾ ತಂದಿಟ್ಟೆ. ಲೋಟ ಖಾಲಿ ಮಾಡಿ ಕೆಳಗಿಟ್ಟು ಮಂಜು ಮಾವ ದನಿ ತಗ್ಗಿಸಿದ.

“ಅಣ್ಣ, ಎಲ್ಲ ಮುಗಿದು ಹೋತು. ನಾ ಯಾರ ಮೇಲೂ ಜಗಳಕ್ಕೆ ಹೋಗೂದಿಲ್ಲ. ಈಗಾದ್ರೂ ಹೇಳು. ಆವತ್ತು ಸ್ಟೇಷನ್ನಿಗೆ ಹೇಳಿದ್ದು ಯಾರು?”

“ನಾನೇ ಮಂಜು.”

ಮಂಜು ಮಾವ ಎದ್ದು ಚಪ್ಪಲಿ ಮೆಟ್ಟಿದ.

“ಆತು, ಬಿಡು” ಅಂದ. “ಹೇಳೂಕೆ ಮನಸ್ಸಿಲ್ದಿದ್ರೆ ಬೇಡ.”

ಅಂಗಳ ದಾಟುವಾಗ ಒಮ್ಮೆ ತಿರುಗಿ, ಲೋಟ ಎತ್ತುತ್ತಿದ್ದ ನನ್ನ ಮುಖವನ್ನು ಸರಿಯಾಗಿ ನೋಡಿಕೊಂಡು ಹೋದ.